ಕಾಫಿ ಕುಡಿಯುವ ಊರಿಗೆ ಅಲೈನರ್ ಆಗಿಬರುತ್ತಾ?

ನಮಸ್ಕಾರ. ಮಗಳಿಗೆ ಉಬ್ಬುಹಲ್ಲು, ಕ್ಲಿಪ್ ಹಾಕಿಸೋದಾ ಇಲ್ಲಾ ಆ ಕಾಣದ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಪಾರದರ್ಶಕ ಪ್ಲಾಸ್ಟಿಕ್ ಕವಚ, ಹಾಕಿಸೋದಾ? ತೀರ್ಥಹಳ್ಳಿ, ಹೊಸನಗರ ಕಡೆಯವರು ಇದನ್ನ ಕೇಳುತ್ತಲೇ ಇರುತ್ತಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಶಾಲೆಗೆ ಹೋಗುವ ಮಕ್ಕಳಿಗೆ, ನಮ್ಮ ಕಡೆಗೆ, ಹಳೇ ಸ್ಟೀಲ್ ಕ್ಲಿಪ್ಪೇ ಸರಿ.

ಅಲೈನರ್ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ ತೆಗೆಯಬೇಕು, ನೀರು ಬಿಟ್ಟು ಬೇರೆ ಏನು ಕುಡಿದರೂ ತೆಗೆಯಬೇಕು. ಈಗ ಮಲೆನಾಡಿನ ಮನೆಯ ಒಂದು ದಿನ ನೋಡಿ. ಎದ್ದ ಕೂಡಲೇ ಕಾಫಿ. ಆಮೇಲೆ ಕಡುಬೋ ರೊಟ್ಟಿಯೋ, ಜೊತೆಗೆ ಇನ್ನೊಂದು ಲೋಟ. ಯಾರೋ ಬಂದರು, ಮತ್ತೆ ಕಾಫಿ. ಮಳೆ ಹಿಡಿಯಿತು ಅಂದರೆ ಹಲಸಿನ ಹಪ್ಪಳ. ಪ್ರತಿ ಸಲ ತೆಗೆದು, ಬಾಯಿ ತೊಳೆದು, ಮತ್ತೆ ಹಾಕಬೇಕು. ಮದುವೆ ಊಟದಲ್ಲಿ ತೆಗೆದು ಬಾಳೆಲೆ ಪಕ್ಕ ಇಟ್ಟರಂತೂ ಮುಗೀತು, ಎಲೆ ಜೊತೆ ಅದೂ ಹೋಯಿತು.

ಕ್ಲಿಪ್ಪಿಗೆ ಆ ತಾಪತ್ರಯ ಇಲ್ಲ. ಮಗು ಮರೆತರೂ ತಂತಿ ಹಗಲು ರಾತ್ರಿ ಎಳೆಯುತ್ತಲೇ ಇರುತ್ತದೆ. ಹಾಗಂತ ಸುಖವೇನಲ್ಲ. ಶುರುವಿನಲ್ಲಿ ಕೆನ್ನೆಯ ಒಳಗೆ ಉಜ್ಜಿ ಹುಣ್ಣಾಗುತ್ತದೆ, ಡಾಕ್ಟರ್ ಕೊಟ್ಟ ಮೇಣ ಮೆತ್ತಿಕೊಳ್ಳಬೇಕು. ಗಟ್ಟಿ ಚಕ್ಕುಲಿ ಕಡಿದರೆ ಬ್ರಾಕೆಟ್ಟೇ, ಅಂದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡೇ, ಕಿತ್ತು ಬರಬಹುದು. ಅಪ್ಪೆಮಿಡಿಯನ್ನು ಇಡಿಯಾಗಿ ಕಚ್ಚುವ ಹಾಗಿಲ್ಲ, ಹೆಚ್ಚಿಕೊಂಡು ತಿನ್ನಬೇಕು. ಇದೊಂದು ಮಾತ್ರ ನನಗೂ ಅನ್ಯಾಯ ಅನ್ನಿಸುತ್ತದೆ.

ಸೆರಾಮಿಕ್ ಕ್ಲಿಪ್? ಹಲ್ಲಿನದೇ ಬಣ್ಣ, ಚೆಂದ. ಆದರೆ ಬ್ರಾಕೆಟ್ಟಿಗೆ ಸುತ್ತುವ ಪುಟ್ಟ ಪಾರದರ್ಶಕ ರಬ್ಬರ್ ಇದೆಯಲ್ಲ, ಅರಿಶಿನ ಹಾಕಿದ ಸಾರು ಉಂಡರೆ ಅದಕ್ಕೆ ಹಳದಿ ಹತ್ತುತ್ತದೆ. ಜಾಸ್ತಿ ದುಡ್ಡು ಕೊಟ್ಟದ್ದು ಯಾಕೆ ಹಾಗಾದರೆ?

ಅಲೈನರ್ ಪರವಾಗಿ ಒಂದು ಮಾತು ಒಪ್ಪುತ್ತೇನೆ. ಕ್ಲಿಪ್ ಅಂದರೆ ಸಾಮಾನ್ಯವಾಗಿ 4ರಿಂದ 6 ವಾರಕ್ಕೊಮ್ಮೆ ಡಾಕ್ಟರ್ ಹತ್ತಿರ ಹೋಗಬೇಕು, ಅದೂ ಒಂದೂವರೆ ಎರಡು ವರ್ಷ. ಆಗುಂಬೆ ಕಡೆಯಿಂದ ಜುಲೈ ಮಳೆಯಲ್ಲಿ ಶಿವಮೊಗ್ಗಕ್ಕೆ ಬಂದು ಹೋಗುವುದು ಸಾಕುಸಾಕಾಗುತ್ತದೆ. ಅಲೈನರ್ ಆದರೆ ಒಂದಾದ ಮೇಲೊಂದು ಬದಲಿಸಿಕೊಳ್ಳಲು ಕೆಲವು ಸೆಟ್ ಒಟ್ಟಿಗೇ ಕೊಟ್ಟು ಕಳಿಸುತ್ತಾರೆ. ನೀವು ದೊಡ್ಡವರು, ಸಣ್ಣ ಸಂದು ಮುಚ್ಚಿಸಬೇಕು, ತಪ್ಪದೆ ಹಾಕಿಕೊಳ್ಳುತ್ತೀರಿ ಅಂದರೆ ಧಾರಾಳವಾಗಿ ಹಾಕಿಸಿ. ಹಲ್ಲು ಕಿತ್ತು ಜಾಗ ಮಾಡಬೇಕಾದ ಕೇಸಿಗೆ ಮಾತ್ರ ತಂತಿಯೇ ವಾಸಿ.

ಡಾಕ್ಟರನ್ನೇ ನೋಡದೆ ಕೊರಿಯರ್‌ನಲ್ಲಿ ತರಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಕಂಪನಿ ಮನೆಗೇ ಅಲೈನರ್ ಕಳಿಸುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರ ಗತಿ ಏನು ಹೇಳಿ! ಎಕ್ಸ್‌ರೇ ತೆಗೆಯದೆ, ವಸಡು ನೋಡದೆ ಹಲ್ಲು ಸರಿಸುವುದು ಯಾವ ಧೈರ್ಯದ ಮೇಲೆ?

ಕ್ಲಿನಿಕ್‌ಗೆ ಹೋದಾಗ ರೇಟು ಕೇಳುವ ಮೊದಲು, ಆರ್ಥೊಡಾಂಟಿಕ್ಸ್‌ನಲ್ಲಿ, ಅಂದರೆ ಹಲ್ಲು ಸಾಲು ಸರಿಪಡಿಸುವ ವಿಭಾಗದಲ್ಲಿ, ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರೇ ನೋಡುತ್ತಾರಾ ಕೇಳಿ. ಆಮೇಲೆ ರಿಟೇನರ್, ಅಂದರೆ ಸರಿಹೋದ ಹಲ್ಲನ್ನು ಅಲ್ಲೇ ಹಿಡಿದಿಡುವ ಸಾಧನ, ಅದರ ದುಡ್ಡೂ ಇದರಲ್ಲೇ ಸೇರಿದೆಯಾ ಅಂತ. ಕ್ಲಿಪ್ ಬಿಚ್ಚಿದ ಮೇಲೆ ರಿಟೇನರ್ ಹಾಕದಿದ್ದರೆ ಹಲ್ಲು ಮೆಲ್ಲಗೆ ಹಳೇ ಜಾಗದ ಕಡೆ ಹೊರಡುತ್ತದೆ. ಆಗ ಮತ್ತೆ ಅದೇ ಬಸ್ಸು, ಅದೇ ಕ್ಲಿನಿಕ್.