ಮಲ್ಚಿಂಗ್ ಪೇಪರ್ ಅನ್ನೋದು ಪೇಪರ್ ಅಲ್ರಿ

ಮೈಕ್ರೋಪ್ಲಾಸ್ಟಿಕ್, ಅಂದ್ರ ಪ್ಲಾಸ್ಟಿಕ್ಕಿನ ಸಣ್ಣ ಚೂರು, ಅಂದಕೂಡ್ಲೆ ಎಲ್ಲಾರಿಗೂ ಸಮುದ್ರ ನೆನಪಾಗ್ತೈತಿ, ಮೀನು ನೆನಪಾಗ್ತೈತಿ. ವಿಜಯಪುರಕ್ಕ ಸಮುದ್ರ ಎಲ್ಲೈತ್ರಿ? ನಮ್ಮಲ್ಲಿ ಅದು ಕಲ್ಲಂಗಡಿ ಹೊಲದಾಗ ಐತಿ, ಮೆಣಸಿನಗಿಡದ ಬುಡಕ್ಕ ಐತಿ. ಗಿಡದ ಸುತ್ತ ಮಣ್ಣಿನ ಮ್ಯಾಲ ಹಾಸೋ ಹಾಳಿಯಿಂದ ಬರ್ತೈತಿ. ಹಾಳಿ ಹೆಸರಿಗೆ ಮಲ್ಚಿಂಗ್ ಪೇಪರ್. ಪೇಪರ್ ಆಗಿದ್ರ ಒಂದು ಮಳಿಗೇ ಕೊಳೀತಿತ್ತು. ಇದು ಪಾಲಿಥಿನ್.

ಹಾಸಬ್ಯಾಡ್ರಿ ಅಂತ ಹೇಳ್ತಾ ಇಲ್ಲ. ಕಳೆ ಕಡಿಮಿ ಆಗ್ತೈತಿ, ನೀರು ಉಳೀತೈತಿ, ನಮ್ಮಂಥ ಒಣಭೂಮಿಯಾಗ ಅದು ಸಣ್ಣ ಮಾತಲ್ಲ. ತಕರಾರು ಒಂದ: ಹಾಸಾಕ ಸಬ್ಸಿಡಿ ಐತಿ, ಎತ್ತಿದ್ಯೋ ಇಲ್ಲೋ ಅಂತ ಕೇಳಾಕ ಯಾರೂ ಇಲ್ಲ.

ಲೆಕ್ಕ ಹಾಕೂಣು. 4 ಅಡಿ ಅಗಲ, 400 ಮೀಟರ್ ಉದ್ದ, 25 ಮೈಕ್ರಾನ್ ದಪ್ಪದ ಒಂದು ರೋಲ್ ಸುಮಾರು 11 ಕೆಜಿ. 5 ಅಡಿಗೊಂದು ಬೆಡ್ ಮಾಡಿದ್ರ ಎಕರೆಗೆ ಹತ್ರಹತ್ರ 7 ರೋಲ್, ಅಂದ್ರ 75 ಕೆಜಿ ಆಸುಪಾಸು. ಗಾಳಿಗೆ ಏಳಬಾರದಂತ ಎರಡೂ ಅಂಚು ಅರ್ಧರ್ಧ ಅಡಿ ಮಣ್ಣಾಗ ಹುಗೀತೀವಲ್ಲ, ಅದೇ ಕಾಲು ಭಾಗ ಆತು. ಬೆಳಿ ಮುಗಿದ ಮ್ಯಾಲ ನಡುವಿನ ಹಾಳಿ ಜಗ್ಗಿದ್ರ ಅಂಚು ಹರಕೊಂಡು ಅಲ್ಲೇ ಉಳೀತಾವು. ಎಕರೆಗೆ 18 ಕೆಜಿ ಭೂತಾಯಿ ಪಾಲು! ಅದರ ಮ್ಯಾಲ ರೋಟಾವೇಟರ್ ಹೊಡಿತೀವಿ. 5 ಮಿಲಿಮೀಟರ್‌ಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರ. ಒಂದೇ ಕೆಜಿ ಹಾಳಿ ಆ ಅಳತಿಗೆ ಚೂರಾದ್ರ 17 ಲಕ್ಷ ಚೂರು.

ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಕೈ ಇಳಿಯೋವಷ್ಟು. ಚೂರು ಆ ಬಿರುಕಿನಾಗ ಬೀಳ್ತಾವು, ಮಳಿ ಬಂದ ಕೂಡ್ಲೆ ಬಾಯಿ ಮುಚ್ಚಿತು. ಇನ್ನ ಅದನ್ನ ಆರಿಸಾಕ ಯಾವ ಕುಂಟಿಗೂ ಆಗೂದಿಲ್ಲ. ಮ್ಯಾಲ ಉಳಿದದ್ದು ಹಳ್ಳದ ನೀರಿನ ಕೂಡ ಡೋಣಿ ನದಿಗೆ, ಡೋಣಿಯಿಂದ ಕೃಷ್ಣೆಗೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅಂತಿದ್ದ ಮಣ್ಣು ಇದು.

ಎರಿಹುಳದ ಸುದ್ದಿ ಹೇಳಿ ಹೆದರಸವ್ರು ಬಾಳ ಮಂದಿ. 2016ರಾಗ ನೆದರ್ಲೆಂಡ್ಸ್‌ನ ಸಂಶೋಧಕರು ಪಾಲಿಥಿನ್ ಪುಡಿ ಬೆರೆಸಿದ ಎಲೆಗೊಬ್ಬರದಾಗ ಹುಳ ಬಿಟ್ಟು 60 ದಿನ ನೋಡಿದ್ರು. ಪುಡಿ 28 ಪರ್ಸೆಂಟ್ ಇಲ್ಲಾ ಅದಕ್ಕಿಂತ ಹೆಚ್ಚಿದ್ದಾಗ ಸಾವು ಹೆಚ್ಚಾತು, ಬೆಳವಣಿಗಿ ಕುಗ್ಗಿತು; 7 ಪರ್ಸೆಂಟಿಗೆ ಅಂಥಾದ್ದೇನೂ ಕಾಣಲಿಲ್ಲ. ನಮ್ಮ ಹೊಲದಾಗ ಅಷ್ಟು ಇರೂದಿಲ್ಲ, ಖರೆ. ಆದ್ರ ಪ್ರತಿ ಹಂಗಾಮಿಗೆ ಕೂಡ್ತಾ ಹೋಗ್ತೈತಿ, ಕಳೆಯೋ ದಾರಿ ಇಲ್ಲ. ಕುರಿಗಂತೂ ಕಾಯೋ ಹೊತ್ತೂ ಬ್ಯಾಡ: ಒಣಗಿದ ಬಳ್ಳಿ ಜೋಡಿ ಹಾಳಿ ನುಂಗಿದ್ರ ಹೊಟ್ಟ್ಯಾಗ ಗಂಟಾಗಿ ಮೇವು ಮುಂದ ಸಾಗೂದಿಲ್ಲ.

ಚೀನಾದಾಗ ತೆಳು ಹಾಳಿ ಎತ್ತಾಕ ಬರಲಾರದ್ದಕ್ಕ 2017ರ ಮಾನದಂಡದಾಗ ಕನಿಷ್ಠ ದಪ್ಪ 8ರಿಂದ 10 ಮೈಕ್ರಾನ್‌ಗೆ ಏರಿಸಿದ್ರು. ನಮ್ಮಲ್ಲಿ 25 ಸಿಗ್ತೈತಿ. ಅಂದ್ರ ನಮ್ಮ ಹಾಳಿ ಎತ್ತಬಹುದು, ಎತ್ತೂದಿಲ್ಲ ಅಷ್ಟ.

ಎತ್ತೋದು ಹೆಂಗ? ಕಡೀ ಕಟಾವು ಆದ ವಾರದಾಗ, ಬಿಸಿಲಿಗೆ ಬಿಡಬ್ಯಾಡ್ರಿ. ಒಂದು ಮೂಲಿ ಜಗ್ಗಿ ನೋಡ್ರಿ: ರಬ್ಬರಿನಂಗ ಹಿಗ್ಗಿದ್ರ ಬರ್ತೈತಿ, ಹಪ್ಪಳದಂಗ ಮುರಿದ್ರ ಹೊತ್ತು ಮೀರೈತಿ. ಗಿಡ ಬುಡಕ್ಕ ಕೊಯ್ರಿ, ಕಿತ್ರ ತೂತು ಹರೀತೈತಿ. ಎರಡು ದಿನ ಮೊದಲ ಸ್ವಲ್ಪ ಡ್ರಿಪ್ ಬಿಡ್ರಿ. ಒಣ ಎರಿಮಣ್ಣಿನ ಹೆಂಟಿ ಅಂಚನ್ನ ಹಿಡಕೊಂಡಿರ್ತೈತಿ, ಹಸಿ ಹೆಚ್ಚಾದ್ರ ಕೆಸರು ಅಂಟತೈತಿ. ಆಮ್ಯಾಲ ಗುದ್ದಲಿಯಿಂದ ಎರಡೂ ಅಂಚು ಸಡಿಲ ಮಾಡಿ, ಇಬ್ಬರು ಎದುರಾಬದುರಾ ನಿಂತು ಸುತ್ತಬೇಕು. ಡ್ರಿಪ್ ಪೈಪು ಅಡಿಯಾಗ ಸಿಕ್ಕೊಂಡಿರದಂಗ ಮೊದಲ ಒಂದು ತುದಿಯಿಂದ ಎಳಕೊಳ್ರಿ. ಒಡ್ಡಿನ ಮ್ಯಾಲ ಹಾಕಿ ಸುಡೂದಂತೂ ಬ್ಯಾಡ, ಹೊಗಿ ಊರಿಗೆ, ಕರಗಿದ ಗಟ್ಟಿ ಹೊಲಕ್ಕ.

‘ತಾನ ಕರಗ್ತೈತಿ’ ಅನ್ನೋ ಆಕ್ಸೋ ಹಾಳಿ (ಲಗೂನ ಒಡೀಲಿ ಅಂತ ರಾಸಾಯನಿಕ ಬೆರೆಸಿದ ಪ್ಲಾಸ್ಟಿಕ್) ಮಾರವ್ರೂ ಅದಾರ. ಅದು ಕರಗೂದಿಲ್ಲ, ಲಗೂನ ಚೂರಾಗ್ತೈತಿ.

ಸುತ್ತಿದ ಹಾಳಿ ಗುಜರಿಯವ ತಗೊಳ್ಳಾಕ ಮೂಗು ಮುರೀತಾನ, ಯಾಕಂದ್ರ ಅರ್ಧ ತೂಕ ಮಣ್ಣೇ ಇರ್ತೈತಿ. ಹಿಂಗಾಗಿ ಸರ್ಕಾರದವ್ರಿಗೆ ಹೇಳೂದಿಷ್ಟ: ಸಬ್ಸಿಡಿಯ ಒಂದು ಪಾಲು ಹಿಡಿದಿಟ್ಟು, ಝಾಡಿಸಿ ಒಣಗಿಸಿದ ಹಾಳಿ ರೈತ ಸಂಪರ್ಕ ಕೇಂದ್ರದಾಗ ತೂಕ ಮಾಡಿ ಒಪ್ಪಿಸಿದ ಮ್ಯಾಲ ಕೊಡ್ರಿ.