ಗಾಯರಾಣದ ಮೇಲಿನ ಗಾಲ್ಫ್

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಇಲ್ಲಿ ನಾಲ್ಕು ಕುರ್ಚಿ ಖಾಲಿ ಇವೆ. ಗಾಲ್ಫ್ ಬಗ್ಗೆ ಕೇಳಲು ಬೆಳಗಾವಿಯಲ್ಲಿ ಇಷ್ಟು ಮಂದಿ ಬರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ನಮ್ಮೂರಲ್ಲಿ ಗಾಲ್ಫ್ ಮೈದಾನ ಇದೆ ಅಂತ ಇಡೀ ರಾಜ್ಯಕ್ಕೆ ಗೊತ್ತಾಗಿದ್ದೇ 2022ರ ಆಗಸ್ಟ್‌ನಲ್ಲಿ, ಅದೂ ಆಟದಿಂದಲ್ಲ, ಚಿರತೆಯಿಂದ. ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತಂದರು, ಚಿರತೆ ಮಾತ್ರ ಕೈಗೆ ಸಿಗಲಿಲ್ಲ. ಇವತ್ತಿಗೂ ನನ್ನ ಚೆಂಡು ಎತ್ತರದ ಹುಲ್ಲಿಗೆ ಹೋದರೆ ನಾನು ಹುಡುಕಲು ಹೋಗುವುದಿಲ್ಲ. ಹೊಸ ಚೆಂಡು ಅಗ್ಗ.

ಇರಲಿ. ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಒಂದು ಪಟ್ಟಿ. ಮುಂದಿನ ಬೇಸಿಗೆಗೆ ನಿಮ್ಮಲ್ಲಿ ಹನ್ನೆರಡು ಜನ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆ ಗಾಲ್ಫ್ ಆಡಲು ಹೊರಟಿದ್ದೀರಿ. ಖುಷಿಯ ವಿಷಯ. ಪಟ್ಟಿ ನನ್ನ ಕೈಗೂ ಬಂತು. ಹತ್ತು ದಿನ, ಎರಡು ದೇಶ, ಒಂಬತ್ತು ಕೋರ್ಸ್, ಅಂದರೆ ಒಂಬತ್ತು ಗಾಲ್ಫ್ ಮೈದಾನ. ಹೇಗೆ ಆರಿಸಿದಿರಿ ಅಂತ ಒಬ್ಬರನ್ನು ಕೇಳಿದೆ. "ಫೋಟೋ ನೋಡಿ, ಸರ್" ಅಂದರು. ನೀಲಿ ಸಮುದ್ರ, ಬಂಡೆ, ಬಂಡೆಯ ತುದಿಗೆ ಹಸಿರು, ಹಸಿರಿನ ಮೇಲೆ ಒಂದು ಬಾವುಟ. ಎತ್ತು ಕೊಳ್ಳಲು ಸಂತೆಗೆ ಹೋದವನು ಹಲ್ಲು ನೋಡಲಿಲ್ಲ, ಕಾಲು ನೋಡಲಿಲ್ಲ, ಕೊಂಬಿಗೆ ಹಚ್ಚಿದ ಬಣ್ಣ ನೋಡಿ ದುಡ್ಡು ಎಣಿಸಿದ ಹಾಗಾಯಿತು ಇದು.

ನಾನೂ ಹಾಗೇ ದುಡ್ಡು ಎಣಿಸಿದವನೇ, ಅದಕ್ಕೇ ಇಷ್ಟು ಸಿಟ್ಟು. ಮೊದಲ ಸಲ ಹೋದಾಗ ಒಂದು ಬಂಡೆಯ ಮೇಲಿನ ಕೋರ್ಸ್ ಬುಕ್ ಮಾಡಿದ್ದೆ, ಹೆಸರು ಬೇಡ. ಆ ದಿನ ಮಂಜು ಕವಿದಿತ್ತು. ಹದಿನೆಂಟು ಹೋಲ್, ಅಂದರೆ ಚೆಂಡು ಬೀಳಿಸುವ ಹದಿನೆಂಟೂ ಗುಂಡಿ ಆಡಿದೆ, ಸಮುದ್ರ ಕೇಳಿಸಿತು, ಕಾಣಲಿಲ್ಲ. ಅದು ಹೋಗಲಿ, ಕಾಲ ಕೆಳಗಿನ ನೆಲವೂ ನಮ್ಮ ಮಳೆಗಾಲದ ಅಂಗಳದ ಹಾಗೆ ಮೆತ್ತಗೆ, ಚೆಂಡು ಬಿದ್ದಲ್ಲೇ ಕೂತು ಬಿಡುತ್ತಿತ್ತು. ಸಮುದ್ರದ ಪಕ್ಕ ಇದ್ದ ಮಾತ್ರಕ್ಕೆ ಲಿಂಕ್ಸ್ ಆಗುವುದಿಲ್ಲ ಅಂತ ಅವತ್ತು ತಿಳಿಯಿತು. ನಿಮ್ಮ ಪಟ್ಟಿಯವರೇ ಒಬ್ಬರು ಮುಂದೊಮ್ಮೆ ಅಮೆರಿಕದ ಪೆಬಲ್ ಬೀಚ್‌ಗೂ ಹೋಗೋಣ, ಅದೂ ಲಿಂಕ್ಸ್ ಅಲ್ವಾ ಅಂದರು. ಅಲ್ಲ. ಜಗತ್ತಿನ ಸುಂದರ ಕೋರ್ಸ್‌ಗಳಲ್ಲಿ ಅದೂ ಒಂದು, ಆದರೆ ಅದು ಕಡಲ ಬಂಡೆಯ ಮೇಲಿನ ಕೋರ್ಸ್.

ಹಾಗಾದರೆ ಲಿಂಕ್ಸ್ ಅಂದರೆ ಏನು? ಕಡಲ ಮರಳಿಗೂ ಊರಿನ ಹೊಲಕ್ಕೂ ನಡುವೆ ಇರುವ ನೆಲ. ಸಮುದ್ರ ಹಿಂದೆ ಸರಿದಾಗ ಬಿಟ್ಟುಹೋದ ಮರಳು, ಆ ಮರಳನ್ನು ಗಾಳಿ ಗುಡ್ಡೆ ಹಾಕಿದೆ, ಅದರ ಮೇಲೆ ಫೆಸ್ಕ್ಯೂ ಅಂತ ದಾರದಷ್ಟು ಸಣ್ಣ ಹುಲ್ಲು ಬೆಳೆದಿದೆ. ನೇಗಿಲು ಹೂಡಿದರೆ ಏನೂ ಬರುವುದಿಲ್ಲ. ಅದಕ್ಕೇ ಊರವರು ಕುರಿ ಬಿಟ್ಟರು. ಗಾಳಿ ತಪ್ಪಿಸಿಕೊಳ್ಳಲು ದಿಬ್ಬದ ಮರೆಯಲ್ಲಿ ಕುರಿ ಮಲಗಿ ಮಲಗಿ ಹುಲ್ಲು ಸವೆದು ಮರಳು ಬಾಯಿ ಬಿಟ್ಟಿತು, ಅದೇ ಬಂಕರ್ ಆಯಿತು ಅಂತ ಅಲ್ಲಿಯ ಹಿರಿಯರು ಹೇಳುತ್ತಾರೆ. ಉಳಲು ಬಾರದ, ಯಾರ ಹೆಸರಿಗೂ ಇಲ್ಲದ, ದನ ಕುರಿ ಮೇಯುವ ನೆಲಕ್ಕೆ ನಮ್ಮ ಕಡೆ ಏನು ಅನ್ನುತ್ತೇವೆ? ಗಾಯರಾಣ. ಅಷ್ಟೇ ರೀ. ಲಿಂಕ್ಸ್ ಅಂದರೆ ಗಾಯರಾಣ. ಈ ಮಾತನ್ನು ನಾನು ಇವತ್ತು ಹತ್ತು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ವಿಜಯಪುರದವರು ಇಲ್ಲಿ ಯಾರಿದ್ದೀರಿ? ಎರೆ ಹೊಲದಲ್ಲಿ ಮಳೆ ಬಿದ್ದ ಮಾರನೇ ದಿನ ನಡೆದಿದ್ದೀರಲ್ಲ? ಒಂದೊಂದು ಚಪ್ಪಲಿಗೆ ಕಿಲೋ ಮಣ್ಣು. ಲಿಂಕ್ಸ್ ಅದರ ತದ್ವಿರುದ್ಧ. ಸುರಿದ ಮಳೆ ಮರಳಿನಲ್ಲಿ ಇಂಗಿ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ನೆಲ ಗಟ್ಟಿ. ಚೆಂಡು ಬಿದ್ದ ಮೇಲೆ ಆಟ ಶುರು, ಅದು ಓಡುತ್ತದೆ, ದಿಬ್ಬಕ್ಕೆ ಹೊಡೆದು ತಿರುಗುತ್ತದೆ, ಎಲ್ಲೋ ಹೋಗಿ ಅಡಗುತ್ತದೆ. ಒಣ ಬೇಸಿಗೆಯಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ಫೋಟೋದಲ್ಲಿ ನೋಡಿದರೆ ನೀರು ಕಾಣದ ಹೊಲದ ಹಾಗೆ. ಆಟಕ್ಕೆ ಆ ಕಂದು ನೆಲವೇ ಬಂಗಾರ.

ಇನ್ನೊಂದು ತಮಾಷೆ ಕೇಳಿ. ಸಮುದ್ರ ಕಾಣಬೇಕು ಅಂತ ಹೊರಟರೆ ಸ್ಕಾಟ್ಲೆಂಡಿನ ಕಾರ್ನೂಸ್ಟಿ ಲಿಂಕ್ಸನ್ನು ಪಟ್ಟಿಯಿಂದ ಹೊಡೆದು ಹಾಕಬೇಕಾಗುತ್ತದೆ, ಅಲ್ಲಿ ಸಮುದ್ರ ಕಾಣುವುದೇ ಅಪರೂಪ. 1999ರ ಬ್ರಿಟಿಷ್ ಓಪನ್ ಪಂದ್ಯಾವಳಿಯಲ್ಲಿ ಕೊನೇ ಹೋಲ್‌ಗೆ ಮೂರು ಹೊಡೆತ ಮುಂದಿದ್ದ ವಾನ್ ಡಿ ವೆಲ್ಡೆ ಬೂಟು ಕಾಲುಚೀಲ ಬಿಚ್ಚಿ ಇಳಿದನಲ್ಲ, ಅದು ಅಲ್ಲಿಯ ಒಂದು ಹಳ್ಳಕ್ಕೆ. ಆ ಒಂದೇ ಹೋಲ್‌ಗೆ ಏಳು ಹೊಡೆತ ತಗೊಂಡ, ಲೆಕ್ಕ ಸಮ ಆಗಿ ಪ್ಲೇಆಫ್‌ನಲ್ಲಿ ಸೋತ. ಅವನನ್ನು ಮುಳುಗಿಸಲು ಸಮುದ್ರ ಬೇಕಾಗಲಿಲ್ಲ.

ಈಗ ಸೇಂಟ್ ಆಂಡ್ರೂಸ್. ಗಾಲ್ಫ್‌ಗೇ ಹೆಸರಾದ ಸ್ಕಾಟ್ಲೆಂಡಿನ ಊರು, ನಿಮಗೆಲ್ಲ ಗೊತ್ತು, ಇತಿಹಾಸ ಹೇಳುವುದಿಲ್ಲ. ನಾನೂ ನಮ್ಮ ಮನೆಯವರೂ ಅಲ್ಲಿ ಐದು ದಿನ ಇದ್ದೆವು. ಅಲ್ಲಿಯ ಹೆಸರಾಂತ ಓಲ್ಡ್ ಕೋರ್ಸ್‌ನಲ್ಲಿ ಆಡಲು ಮೊದಲೇ ಬುಕಿಂಗ್ ಆಗದವರು ಎರಡು ದಿನ ಮುಂಚೆ ಹೆಸರು ಕೊಡಬೇಕು, ಚೀಟಿ ಎತ್ತುತ್ತಾರೆ. ನಮ್ಮ ಕಡೆ ಚೀಟಿ ಹಾಕಿದರೆ ಒಂದಲ್ಲ ಒಂದು ತಿಂಗಳು ನಮ್ಮ ಹೆಸರು ಬಂದೇ ಬರುತ್ತದೆ. ಅಲ್ಲಿ ಆ ಗ್ಯಾರಂಟಿ ಇಲ್ಲ. ದಿನಾ ಕೊಟ್ಟೆ, ದಿನಾ ಇಲ್ಲ. ಮಧ್ಯೆ ನ್ಯೂ ಕೋರ್ಸ್‌ನಲ್ಲಿ ಆಡಿದೆ. ನ್ಯೂ ಅಂದರೆ ಎಷ್ಟು ಹೊಸದು ಅಂದುಕೊಂಡಿರಿ? 1895ರದ್ದು. ನಮ್ಮ ಊರುಗಳ ಹೊಸ ಪೇಟೆ ಇದ್ದಂಗೆ, ಒಮ್ಮೆ ಹೊಸದು ಅಂದರೆ ಮುಗಿಯಿತು.

ಭಾನುವಾರ ಬಂತು. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟ ಬಂದ್, ದೊಡ್ಡ ಪಂದ್ಯ ಇದ್ದರೆ ಮಾತ್ರ ಬೇರೆ. ನಾನು ಮುಖ ಊದಿಸಿಕೊಂಡು ರೂಮಿನಲ್ಲಿ ಕೂತಿದ್ದೆ. ಮನೆಯವರೇ ಎಬ್ಬಿಸಿ ಕರೆದುಕೊಂಡು ಹೋದರು. ಹೋಗಿ ನೋಡಿದರೆ ಇಡೀ ಊರು ಅಲ್ಲಿದೆ. ನಾಯಿ ಓಡಾಡಿಸುವವರು, ಮಗುವಿನ ಗಾಡಿ ತಳ್ಳುವವರು, ಫೇರ್‌ವೇ ಅನ್ನುವ ಆಟದ ಹಾದಿಯಲ್ಲಿ ಚೆಂಡಾಟ ಆಡುವ ಹುಡುಗರು. ಟೀವಿಯಲ್ಲಿ ಜಗತ್ತಿನ ದೊಡ್ಡ ದೊಡ್ಡ ಆಟಗಾರರು ಕೈ ಬೀಸುತ್ತ ನಿಲ್ಲುವ ಆ ಸ್ವಿಲ್ಕನ್ ಸೇತುವೆ ಇದೆಯಲ್ಲ, ಅದರ ಮೇಲೆ ಒಬ್ಬ ಅಜ್ಜ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ನಮ್ಮ ಮನೆಯವರು ಜೀವನದಲ್ಲಿ ಗಾಲ್ಫ್ ಕೋಲು ಮುಟ್ಟಿದವರಲ್ಲ. ಸುತ್ತ ನೋಡಿ, "ಏನ್ರೀ ಇದು, ನಮ್ಮೂರ ಗಾಯರಾಣ ಇದ್ದಂಗ ಐತಲ್ಲ, ಇದಕ್ಕ ಇಷ್ಟು ರೊಕ್ಕ ಕೊಟ್ಟು ಬಂದೇವೇನು?" ಅಂದರು. ನಾನು ಇಪ್ಪತ್ತು ವರ್ಷ ಪುಸ್ತಕ ಓದಿ ತಿಳಿದದ್ದನ್ನು ಅವರು ಐದು ನಿಮಿಷದಲ್ಲಿ ಹೇಳಿಬಿಟ್ಟರು. ಹೌದಲ್ಲ, ಅದು ಇವತ್ತಿಗೂ ಊರಿನದೇ ನೆಲ. ಒಂದು ಕಾಲಕ್ಕೆ ಮೊಲ ಸಾಕುವವರಿಗೆ ಆ ನೆಲ ಹೋಗಿ, ಗಾಲ್ಫ್ ಆಡುವವರಿಗೂ ಮೊಲದವರಿಗೂ ವರ್ಷಗಟ್ಟಲೆ ಕೋರ್ಟು ಕಚೇರಿ ನಡೆದಿತ್ತು. ಗಾಯರಾಣ ಒತ್ತುವರಿ ಕೇಸು, ಇನ್ನೇನು!

ಆಮೇಲೆ ನಾವು ಹದಿನೇಳನೇ ಹೋಲ್‌ನ ಬಂಕರ್ ಪಕ್ಕ ನಿಂತು ಶೇಂಗಾ ಹೋಳಿಗೆ ತಿಂದೆವು. ಆ ಬಂಕರ್ ಒಳಗೆ ಬಗ್ಗಿ ನೋಡಿ ಅವರು, "ಇದರಾಗ ಬಿದ್ದವರು ಹೆಂಗ ಮ್ಯಾಲ ಬರ್ತಾರ?" ಅಂದರು. ಎಷ್ಟೋ ಮಂದಿ ಬರುವುದಿಲ್ಲ ಅಂದೆ. ಓಲ್ಡ್ ಕೋರ್ಸ್ ನಾನು ಆಡಲೇ ಇಲ್ಲ, ಐದನೇ ದಿನವೂ ಚೀಟಿ ಬರಲಿಲ್ಲ. ಆದರೂ ಆ ಪ್ರವಾಸದಲ್ಲಿ ನೆನಪಿರುವ ದಿನ ಯಾವುದು ಅಂದರೆ ಆ ಭಾನುವಾರವೇ. ನಿಮ್ಮ ಪಟ್ಟಿಯಲ್ಲಿ ಸೇಂಟ್ ಆಂಡ್ರೂಸ್‌ಗೆ ಒಂದೇ ದಿನ ಇಟ್ಟಿದ್ದೀರಿ, ಅದೂ ಭಾನುವಾರ. ನಗಬೇಡಿ, ನಿಜವಾಗಿ ಭಾನುವಾರ ಇಟ್ಟಿದ್ದೀರಿ.

ಗಾಳಿಯ ಮಾತು. ಆಷಾಢದ ಗಾಳಿ ನೋಡಿದ ನಮಗೆ ಗಾಳಿ ಹೊಸದಲ್ಲ, ಆದರೆ ಲಿಂಕ್ಸ್‌ನಲ್ಲಿ ಮರ ಇಲ್ಲ, ತಡೆಯುವವರಿಲ್ಲ. ಹಳೆಯ ಲಿಂಕ್ಸ್ ಬಹಳಷ್ಟು ಕಡಲ ಗುಂಟ ಒಂಬತ್ತು ಹೋಲ್ ಹೋಗಿ ಒಂಬತ್ತು ಹೋಲ್ ವಾಪಸ್ ಬರುವ ಹಾಗೆ ಇರುತ್ತವೆ. ಹೋಗುವಾಗ ಗಾಳಿ ಬೆನ್ನಿಗೆ, ನಾವೇ ಶೂರರು. ಬರುವಾಗ ಎದುರಿಗೆ. ಒಂದು ಸಲ ಗ್ರೀನ್, ಅಂದರೆ ಗುಂಡಿಯ ಸುತ್ತಲಿನ ನುಣ್ಣನೆ ಹುಲ್ಲು, ಇನ್ನೂ ಮೂವತ್ತು ಗಜ ದೂರ ಇತ್ತು, ನಾನು ವೆಡ್ಜ್ ಅನ್ನುವ ಕೋಲು ಎತ್ತಿದೆ, ಚೆಂಡು ಎತ್ತಿ ಹಾಕೋಣ ಅಂತ. ಕೋಲಿನ ಚೀಲ ಹೊರುವ ಕ್ಯಾಡಿ ಅಜ್ಜ ಏನೂ ಮಾತಾಡದೆ ಅದನ್ನು ಕಸಿದುಕೊಂಡು ಚೆಂಡು ಉರುಳಿಸುವ ಕೋಲು ಪಟರ್ ಕೊಟ್ಟ. ಉರುಳಿಸಿದೆ. ಬಾವುಟದ ಹತ್ತಿರ ಹೋಗಿ ನಿಂತಿತು. ನೆಲ ಒಳ್ಳೆಯದಿದ್ದರೆ ಎಪ್ಪತ್ತು ವರ್ಷದವನೂ ಆಡಬಹುದು ನೋಡಿ. ಗಾಯರಾಣದ ಗುಣವೇ ಅದು.

ಹಾಗಾದರೆ ಕಣ್ಣಿಗೂ ಹಬ್ಬ, ನೆಲವೂ ನಿಜ, ಎರಡೂ ಎಲ್ಲಿ ಸಿಗುತ್ತದೆ? ನನ್ನನ್ನು ಕೇಳಿದರೆ ನಾರ್ತ್ ಬೆರ್ವಿಕ್. ಎಡಿನ್‌ಬರೊದಿಂದ ರೈಲಿಗೆ ಹೋಗಿ ಇಳಿಯಿರಿ, ಊರೊಳಗಿಂದಲೇ ಕೋರ್ಸ್ ಶುರು. ಎದುರಿಗೆ ಸಮುದ್ರದಲ್ಲಿ ಬಾಸ್ ರಾಕ್ ಅಂತ ಬಂಡೆ, ದೂರದಿಂದ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಾಣುತ್ತದೆ. ಸುಣ್ಣ ಅಲ್ಲ, ಗ್ಯಾನೆಟ್ ಹಕ್ಕಿಗಳೂ ಅವುಗಳ ಹಿಕ್ಕೆಯೂ. ಹದಿಮೂರನೇ ಹೋಲ್‌ನಲ್ಲಿ ಗ್ರೀನ್‌ಗೆ ಅಡ್ಡವಾಗಿ ಹಳೆಯ ಕಲ್ಲಿನ ಗೋಡೆ ಇದೆ, ಕೆಡವಲಿಲ್ಲ, ಗೋಡೆ ದಾಟಿಸಿ ಹೊಡೆಯಬೇಕು. ಹದಿನೈದನೆಯದು ರೆಡಾನ್, ಓರೆಯಾಗಿ ಮಲಗಿ ಹಿಂದಕ್ಕೆ ಜಾರುವ ಗ್ರೀನ್, ಜಗತ್ತಿನ ತುಂಬ ಅದನ್ನು ನಕಲು ಮಾಡಿದ್ದಾರೆ. ಅಲ್ಲೇ ನಾಲ್ಕು ದಿನ ಇದ್ದರೆ ಪಕ್ಕದಲ್ಲೇ ಗಲೇನ್, ಡನ್‌ಬಾರ್, ಮ್ಯೂರ್‌ಫೀಲ್ಡ್ ಕೋರ್ಸ್‌ಗಳು. ಪೆಟ್ಟಿಗೆ ಕಟ್ಟಿ ಬಿಚ್ಚುವ ಕೆಲಸ ಇಲ್ಲ. ಮ್ಯೂರ್‌ಫೀಲ್ಡ್‌ನವರು ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2017ರಲ್ಲಿ, ಅದಕ್ಕೇ ನಮ್ಮ ಮನೆಯವರು ಅದರ ಗೇಟನ್ನೂ ನೋಡಲಿಲ್ಲ.

ಸಂಘಟಕರಿಂದ ಚೀಟಿ ಬಂತು. ಇನ್ನು ಹತ್ತೇ ನಿಮಿಷ ಅಂತೆ. ಬರೆದುಕೊಂಡು ಬಂದದ್ದು ಇನ್ನೂ ಆರು ಹಾಳೆ ಇದೆ, ಓಡಿಸುತ್ತೇನೆ.

ಸ್ಕಾಟ್ಲೆಂಡಿನ ಉತ್ತರಕ್ಕೆ ಹೋಗುವ ಧೈರ್ಯ ಇದ್ದರೆ ರಾಯಲ್ ಡಾರ್ನಾಕ್. ಮೇ ತಿಂಗಳಲ್ಲಿ ಗಾರ್ಸ್ ಗಿಡ ಹೂ ಬಿಟ್ಟು ಇಡೀ ದಿಬ್ಬ ಹಳದಿ. ನಮ್ಮ ಕುಸುಬಿ ಹೊಲ ನೆನಪಾಗುತ್ತದೆ, ಮುಟ್ಟಿದರೆ ಅದೇ ಮುಳ್ಳು. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಊಟ ಮುಗಿಸಿ ಒಂಬತ್ತು ಹೋಲ್ ಆಡಬಹುದು. ಟರ್ನ್‌ಬೆರಿಯಲ್ಲಿ ದೀಪಸ್ತಂಭ, ಎದುರಿಗೆ ಏಲ್ಸಾ ಕ್ರೇಗ್ ದ್ವೀಪ, ನಿಮಗೆ ಬೇಕಾದ ಫೋಟೋ ಅಲ್ಲಿ ಸಿಗುತ್ತದೆ, ಜೇಬು ಮಾತ್ರ ಮೊದಲು ಮುಟ್ಟಿ ನೋಡಿಕೊಳ್ಳಿ. ಯುದ್ಧಕಾಲದಲ್ಲಿ ಅಲ್ಲಿ ನಮ್ಮ ಸಾಂಬ್ರಾ ವಿಮಾನ ನಿಲ್ದಾಣದ ಹಾಗೆ ವಿಮಾನ ಇಳಿಯುತ್ತಿದ್ದವು.

ಐರ್ಲೆಂಡ್ ಬೇರೆ ವರ್ಷ ಮಾಡಿ. ಅಲ್ಲಿ ಲಹಿಂಚ್ ಕೋರ್ಸ್‌ನಲ್ಲಿ ಆಡುಗಳು ಕ್ಲಬ್‌ಹೌಸ್ ಹತ್ತಿರ ಬಂದು ನಿಂತರೆ ಮಳೆ ಬರುತ್ತದೆ ಅಂತ ಲೆಕ್ಕ. ನೋಡಿ, ಅಲ್ಲೂ ಮೇಯುವ ಪ್ರಾಣಿ, ಅಲ್ಲೂ ಗಾಯರಾಣ.

ಹಿಂದಿನ ಸಾಲಿನವರು ಕೈ ಎತ್ತಿದ್ದಾರೆ. ಏನು? ಹೌದು, ಆಸ್ಟ್ರೇಲಿಯಾ ಕಡೆಯೂ ಇವೆ. ಟಾಸ್ಮೇನಿಯಾದಲ್ಲಿ ಬಾರ್ನ್‌ಬೂಗಲ್, 2004ರಲ್ಲಿ ಶುರುವಾಯಿತು. ಒಬ್ಬ ಆಲೂಗಡ್ಡೆ ರೈತನ ಹೊಲದಂಚಿನ ಮರಳು ದಿಬ್ಬ, ಅವನಿಗೆ ಆ ದಿಬ್ಬದಿಂದ ಏನೂ ಬರುತ್ತಿರಲಿಲ್ಲ. ಬೆಳಗಾವಿ ಆಲೂಗಡ್ಡೆಯವರು ಈಗಲೇ ಎದ್ದು ಹೋಗಿ ಹೊಲ ನೋಡಬೇಡಿ, ನಮ್ಮದು ಕೆಂಪು ಮಣ್ಣು.

ಬಟ್ಟೆ, ಮಳೆಕೋಟು, ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಪತ್ರ, ಇವನ್ನೆಲ್ಲ ಚಹಾ ಕುಡಿಯುವಾಗ ಕೇಳಿ. ಬಹಳಷ್ಟು ಕಡೆ ನಡೆದೇ ಆಡಬೇಕು, ಇವತ್ತಿನಿಂದ ದಿನಾ ಕೋಟೆ ಸುತ್ತ ನಡೆಯಿರಿ. ಸರಿ, ಆ ಪಟ್ಟಿ ಯಾರ ಹತ್ತಿರ ಇದೆ? ಇತ್ತ ಕೊಡಿ. ಒಂಬತ್ತು ಇವೆಯಲ್ಲ. ಪೆನ್ನೂ ಕೊಡಿ.