ಹೊಗೆ ಅಳೆಯುತ್ತೇವೆ, ಟೈರನ್ನು ಏಕೆ ಅಳೆಯುವುದಿಲ್ಲ?

ನಮಸ್ಕಾರ. ಮುಂಗಾರು ಹೊಸ್ತಿಲಲ್ಲಿದೆ. ಇಂದು ನಿಮ್ಮ ಮುಂದೆ ನಾನು ಇಡುತ್ತಿರುವುದು ಒಂದೇ ಒಂದು ಒತ್ತಾಯ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಕಾರಿನ ಹೊಗೆ ತಪಾಸಣೆ ಮಾಡುತ್ತಾರಲ್ಲ, ಅದೇ ಹೊತ್ತಿನಲ್ಲಿ ನಾಲ್ಕೂ ಟೈರುಗಳ ಗೀರಿನ, ಅಂದರೆ ರಸ್ತೆ ಮುಟ್ಟುವ ಮೈಮೇಲಿನ ಕಾಲುವೆಗಳ, ಆಳವನ್ನು ಅಳೆದು, ಬರೆದು, ಮಾಲೀಕನ ಕೈಗೆ ಕೊಡಬೇಕು. ಇದಕ್ಕೆ ಹೊಸ ಇಲಾಖೆ ಬೇಡ, ಹೊಸ ಕಟ್ಟಡ ಬೇಡ. ಕೆಲವು ನೂರು ರೂಪಾಯಿಗೆ ಸಿಗುವ ಒಂದು ಅಳತೆ ಸಾಧನ ಮತ್ತು ಐದು ನಿಮಿಷ ಸಾಕು.

ಈಗಿನ ವ್ಯವಸ್ಥೆಯನ್ನು ನೋಡಿ. ಬಾಡಿಗೆಗೆ ಓಡುವ ಹಳದಿ ಬೋರ್ಡಿನ ವಾಹನ ಎಫ್‌ಸಿಗಾಗಿ, ಅಂದರೆ ಸುಸ್ಥಿತಿ ಪತ್ರಕ್ಕಾಗಿ, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ತಪಾಸಣೆಗೆ ನಿಲ್ಲಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ಮೊದಲ ಹದಿನೈದು ವರ್ಷ ಅಂಥದ್ದೇನೂ ಇಲ್ಲ. ಅಷ್ಟರಲ್ಲಿ ಒಂದು ಕಾರು ಮೂರು ನಾಲ್ಕು ಸೆಟ್ ಟೈರುಗಳನ್ನು ಸವೆಸಿರುತ್ತದೆ. ಅವು ಎಷ್ಟು ಸವೆದಿವೆ ಎಂದು ನೋಡುವ ಹೊಣೆ ಮಾಲೀಕನೊಬ್ಬನದೇ. ಹೊಗೆಗೆ ಮಾತ್ರ ವರ್ಷಕ್ಕೊಮ್ಮೆ ಪತ್ರ ಬೇಕು, ಇಲ್ಲದಿದ್ದರೆ ದಂಡ. ಹೊಗೆ ತಪಾಸಣೆ ಬೇಡ ಎನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ಇಂಗ್ಲೆಂಡಿನಲ್ಲಿ ಮೂರು ವರ್ಷ ತುಂಬಿದ ಪ್ರತಿಯೊಂದು ಕಾರೂ ವರ್ಷಕ್ಕೊಮ್ಮೆ ಟೈರು ತೋರಿಸಲೇಬೇಕು, ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅನುತ್ತೀರ್ಣ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಕಾರಿಗೆ ಅದೇ 1.6 ಇದೆ. ನಿಯಮ ಇದೆ, ಅಳೆಯುವವರಿಲ್ಲ.

ಗೀರಿನ ಆಳಕ್ಕೆ ಇಷ್ಟು ಮಹತ್ವ ಏಕೆ ಎಂದರೆ, ಅದು ಇರುವುದೇ ನೀರಿಗಾಗಿ. ಒಣ ಡಾಂಬರಿನ ಮೇಲೆ ಬೋಳು ಟೈರು ಕೂಡ ಚೆನ್ನಾಗಿಯೇ ಹಿಡಿಯುತ್ತದೆ. ಅದಕ್ಕೇ ಬೇಸಿಗೆಯಿಡೀ ಓಡಿಸಿದವರಿಗೆ ತಮ್ಮ ಟೈರು ಮುಗಿದಿರುವುದು ತಿಳಿಯುವುದೇ ಇಲ್ಲ. ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ, ನಿಮ್ಮ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. 185 ಮಿಲಿಮೀಟರ್ ಅಗಲದ ಟೈರಿನ ದಾರಿಗೆ ಸೆಕೆಂಡಿಗೆ ಸುಮಾರು 12 ಲೀಟರ್ ನೀರು ಅಡ್ಡ ಬರುತ್ತದೆ. ಪ್ರತಿ ಸೆಕೆಂಡಿಗೆ ಒಂದು ಕೊಡ ನೀರನ್ನು ಟೈರು ಪಕ್ಕಕ್ಕೆ ಎತ್ತಿ ಹಾಕಬೇಕು, ಆಗ ಮಾತ್ರ ರಬ್ಬರು ರಸ್ತೆಯನ್ನು ಮುಟ್ಟುತ್ತದೆ. ಹೊಸ ಟೈರಿನ ಗೀರು ಏಳೆಂಟು ಮಿಲಿಮೀಟರ್ ಆಳ ಇರುತ್ತದೆ, ನೀರಿಗೆ ಹರಿಯಲು ದಾರಿ ಇರುತ್ತದೆ. ಒಂದೂವರೆ ಮಿಲಿಮೀಟರಿಗೆ ಇಳಿದ ಟೈರಿನಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ನೀರು ಟೈರಿನ ಮುಂದೆ ಒತ್ತರಿಸಿಕೊಂಡು, ಕೊನೆಗೆ ಅದರ ಅಡಿಗೆ ನುಗ್ಗಿ ಕಾರನ್ನೇ ಎತ್ತಿಬಿಡುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ತೇಲುತ್ತಾ ಮುಂದೆ ಹೋಗುತ್ತದೆ.

ಗಾಳಿಯ ಒತ್ತಡವೂ ಇದರಲ್ಲಿ ಸೇರಿದೆ. ವಿಮಾನದ ಚಕ್ರಗಳು ನೀರು ನಿಂತ ರನ್‌ವೇ ಮೇಲೆ ತೇಲುವುದನ್ನು ಅಮೆರಿಕದ ನಾಸಾ 1960ರ ದಶಕದಲ್ಲಿ ಅಧ್ಯಯನ ಮಾಡಿತು. ಆಗ ಸಿಕ್ಕ ಸೂತ್ರದ ಪ್ರಕಾರ 30 ಪಿಎಸ್‌ಐ ಒತ್ತಡದ ಟೈರು ಸುಮಾರು 90 ಕಿಲೋಮೀಟರ್ ವೇಗದಲ್ಲಿ ತೇಲತೊಡಗಿದರೆ, 20 ಪಿಎಸ್‌ಐಗೆ ಇಳಿದ ಟೈರು 75ರಲ್ಲೇ ತೇಲುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ವೇಗಮಿತಿ 100. ಲೆಕ್ಕ ನಿಮ್ಮ ಕಣ್ಣ ಮುಂದೆಯೇ ಇದೆ. ಆ ರಸ್ತೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ರಾಮನಗರದ ಬಳಿ ಒಂದು ಮಳೆಗೆ ಕೆಳಸೇತುವೆ ತುಂಬಿ ನಿಂತದ್ದನ್ನು ನಾವೆಲ್ಲ ನೋಡಿದ್ದೇವೆ. ಮಿತಿಯೊಳಗೇ ಓಡಿಸುತ್ತಿದ್ದೇನೆ ಎಂಬ ಧೈರ್ಯ ಮಳೆಯಲ್ಲಿ ನಡೆಯುವುದಿಲ್ಲ.

ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಎಬಿಎಸ್ ಹಿಡಿತವನ್ನು ಹುಟ್ಟಿಸುವುದಿಲ್ಲ, ಇರುವ ಹಿಡಿತವನ್ನು ಹಂಚಿ ಬಳಸುತ್ತದೆ, ಅಷ್ಟೇ. ಒದ್ದೆ ರಸ್ತೆಯಲ್ಲಿ ಎರಡು ಕಾರುಗಳು 80ರ ವೇಗದಲ್ಲಿ ಒಟ್ಟಿಗೆ ಬ್ರೇಕ್ ಹಾಕುತ್ತವೆ, ಒಂದರ ಟೈರಿನ ಹಿಡಿತ ಇನ್ನೊಂದಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಎಂದಿಟ್ಟುಕೊಳ್ಳಿ. ಒಳ್ಳೆಯ ಟೈರಿನ ಕಾರು ಪೂರ್ತಿ ನಿಂತ ಜಾಗದಲ್ಲಿ ಸವೆದ ಟೈರಿನ ಕಾರು ಇನ್ನೂ 46 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತದೆ. ಶಾಲೆಯ ಭೌತಶಾಸ್ತ್ರದ ಸಮೀಕರಣದಲ್ಲೇ ಇದು ಸಿಗುತ್ತದೆ. ರಸ್ತೆ ದಾಟುತ್ತಿರುವ ಮಗುವಿಗೆ ಅದು ಜೀವ ಉಳಿಯುವ, ಉಳಿಯದಿರುವ ವ್ಯತ್ಯಾಸ. ಇದನ್ನು ಮಾಲೀಕನ ಸ್ವಂತ ವಿಷಯ ಎಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಘಾಟಿಯ ಅಪಾಯ ಬೇರೆಯದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಕಾರು ತೇಲುವಷ್ಟು ವೇಗ ಯಾರಿಗೂ ಸಿಗುವುದಿಲ್ಲ, ನಿಜ. ಆದರೆ ಚಾರ್ಮಾಡಿ, ಶಿರಾಡಿ, ಆಗುಂಬೆ ಎಲ್ಲೇ ಹೋಗಿ, ಧರೆಯಿಂದ ಇಳಿದ ಕೆಂಪು ಮಣ್ಣು, ಕೊಳೆತ ಎಲೆ, ಮರದ ನೆರಳಲ್ಲಿ ರಸ್ತೆಯಂಚಿಗೆ ಕಟ್ಟಿದ ಹಾವಸೆ ಕಾದಿರುತ್ತವೆ. ಮೊದಲ ಮಳೆಯ ದಿನವಂತೂ ತಿಂಗಳುಗಟ್ಟಲೆ ಬಿದ್ದ ಎಣ್ಣೆ ಮತ್ತು ದೂಳು ನೀರಿನೊಡನೆ ಕಲೆತು ಜಾರುವ ಪದರವಾಗಿರುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ ಕಾರನ್ನು ತಡೆಯಲಿ, ತಿರುವಿಗೆ ಮೊದಲೇ ವೇಗ ತಗ್ಗಲಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ನಮ್ಮ ಬಹುತೇಕ ಟೈರು ಅಂಗಡಿಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತದೆ. ಎರಡೇ ಟೈರು ಬದಲಿಸುವುದಾದರೆ ಹೊಸವು ಹಿಂದಕ್ಕೆ ಹೋಗಬೇಕು. ಎಂಜಿನ್ ಎಳೆಯುವುದು ಮುಂದಿನ ಚಕ್ರ, ತಿರುಗುವುದೂ ಅದೇ, ಆದ್ದರಿಂದ ಹೊಸದು ಮುಂದಕ್ಕೆ ಎಂದು ಅಂಗಡಿಯವರು ಹೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಮುಂದಿನ ಚಕ್ರ ಜಾರಿದರೆ ಕಾರು ತಿರುವಿನ ಹೊರಕ್ಕೆ ನೇರವಾಗಿ ಸರಿಯುತ್ತದೆ, ಹೆದರಿ ಆಕ್ಸಿಲರೇಟರ್ ಬಿಟ್ಟರೆ ಸಾಮಾನ್ಯವಾಗಿ ಹಿಡಿತ ಮರಳುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಹಿಂಭಾಗವೇ ಬೀಸಿಕೊಂಡು ಮುಂದೆ ಬರುತ್ತದೆ, ಆಗ ಅದೇ ಆಕ್ಸಿಲರೇಟರ್ ಬಿಡುವ ಕ್ರಿಯೆ ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತದೆ. ತರಬೇತಿ ಇಲ್ಲದವರು ಅದನ್ನು ಸರಿಪಡಿಸುವುದು ಬಹಳ ಕಷ್ಟ. ಟೈರು ಕಂಪನಿಗಳೇ ಹಿಂದಕ್ಕೆ ಹಾಕಿ ಎನ್ನುತ್ತವೆ. ಅಂಗಡಿಯಲ್ಲಿ ನಿಂತು ಹಟ ಹಿಡಿದು ಹಾಕಿಸಿಕೊಳ್ಳಿ.

ಕಲಬುರಗಿ, ರಾಯಚೂರು ಕಡೆಯ ನಂಬಿಕೆ ಇನ್ನೊಂದು. ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಒಡೆಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಗಾಳಿ ಕಡಿಮೆ ಹಿಡಿಸಬೇಕು ಎಂಬುದು. ಬಿಸಿಯಾದರೆ ಒತ್ತಡ ಏರುವುದು ಹೌದು, ಆರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಅಷ್ಟನ್ನು ಸುಸ್ಥಿತಿಯ ಟೈರು ಸಲೀಸಾಗಿ ತಡೆಯುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಮಾತ್ರ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಒಳಗೊಳಗೇ ಕಾದು, ಪದರಗಳು ಬಿಟ್ಟುಕೊಂಡು ಸಿಡಿಯುತ್ತದೆ. ಒಡೆಯದಿರಲಿ ಎಂದು ಮಾಡಿದ್ದೇ ಒಡೆಯಲು ಕಾರಣವಾಗುತ್ತದೆ. ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯೇ ಸರಿಯಾದ ಒತ್ತಡ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಷ್ಟು ಹಿಡಿಸಿ. ಟೈರಿನ ಮೇಲೆಯೇ ಅಚ್ಚಾದ ಅಂಕಿ ಅದು ತಾಳಬಲ್ಲ ಗರಿಷ್ಠ ಮಿತಿ, ಅದನ್ನು ನೋಡಿ ಹಿಡಿಸಬೇಡಿ.

ವಿಜಯಪುರ, ಗದಗದ ಎರೆ ಹೊಲಗಳಿಂದ ಟ್ರ್ಯಾಕ್ಟರ್ ಚಕ್ರಗಳು ಹೊತ್ತು ತರುವ ಮಣ್ಣು, ಮಂಡ್ಯ, ತುಮಕೂರು ಕಡೆ ರಸ್ತೆಯಲ್ಲೇ ನಡೆಯುವ ರಾಗಿ, ಹುರುಳಿಯ ಒಕ್ಕಣೆ, ಇವುಗಳ ಮೇಲೆ ಎಂಥ ಟೈರೂ ಜಾರುತ್ತದೆ. ಅಲ್ಲಿ ನಿಧಾನವೊಂದೇ ದಾರಿ. ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಘಟನೆಗಳೂ ನಡೆದಿವೆ. ಒಕ್ಕಣೆ ಕಣಗಳನ್ನು ಊರೂರಿಗೆ ಕಟ್ಟಿಕೊಡದೆ ರೈತರನ್ನಷ್ಟೇ ಗದರುವುದು ನ್ಯಾಯವಲ್ಲ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ಅಚ್ಚಾದ, DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ದಾಟಿದ್ದನ್ನು ಗೀರು ಎಷ್ಟಿದ್ದರೂ ತೆಗೆದುಹಾಕಿ. ಸ್ಟೆಪ್ನಿಗೂ ಇದೇ ಮಾತು. ರಸ್ತೆ ಬದಿಯಲ್ಲಿ ಹಳೆಯ ಕಾರು ಟೈರಿಗೆ ಹೊಸದಾಗಿ ಗೀರು ಕೊರೆದು ಮಾರುತ್ತಾರೆ, ಅದನ್ನು ಮುಟ್ಟಲೇಬೇಡಿ. ಕೊರೆದಷ್ಟೂ ರಬ್ಬರು ತೆಳುವಾಗಿ ಒಳಗಿನ ಪದರಕ್ಕೆ ಹತ್ತಿರವಾಗಿರುತ್ತದೆ.

ಮಳೆ ಹೆಚ್ಚಿರುವ ನಾಡಿಗೆ 1.6 ಮಿಲಿಮೀಟರ್ ಗೀರು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಳೆಗಾಲಕ್ಕೆ ಮೊದಲು ಮೂರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಬದಲಿಸಿ. ಸಣ್ಣ ಕಾರಿನ ಒಂದು ಟೈರಿಗೂ ಕೆಲವು ಸಾವಿರ ರೂಪಾಯಿ ಬೇಕು, ಸಾಲದಲ್ಲಿ ಕಾರು ಓಡಿಸುವ ಕುಟುಂಬಕ್ಕೆ ಅದು ಭಾರ ಎಂಬುದು ನನಗೆ ಗೊತ್ತು. ಅದಕ್ಕೇ ಅಳತೆಯ ಜೊತೆಗೆ ದಂಡ ಬೇಡ ಎನ್ನುತ್ತೇನೆ. ದಂಡ ಬಂದರೆ ಲಂಚವೂ ಬರುತ್ತದೆ. ಅಂಕಿ ಬರೆದು ಕೊಡಲಿ, ಸಾಕು. ಮುಂದಿನ ಎಡಚಕ್ರ 1.9 ಎಂದು ಕಾಗದದಲ್ಲಿ ನೋಡಿದ ಅಪ್ಪ ಅಮ್ಮ ಮಕ್ಕಳನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೊರಡುವ ಮುನ್ನ ಎರಡು ಸಲ ಯೋಚಿಸುತ್ತಾರೆ ಎಂಬ ನಂಬಿಕೆ ನನಗಿದೆ.

ಹೊಗೆ ಪ್ರಮಾಣಪತ್ರದ ನಮೂನೆ 2021ರಿಂದ ದೇಶಕ್ಕೆಲ್ಲ ಒಂದೇ, ಅದನ್ನು ಬದಲಿಸುವುದು ಕೇಂದ್ರದ ಕೈಯಲ್ಲಿದೆ. ಅಲ್ಲಿಯವರೆಗೆ ರಾಜ್ಯ ಸಾರಿಗೆ ಇಲಾಖೆ ಪ್ರತ್ಯೇಕ ಚೀಟಿಯೊಂದನ್ನು ತರಬಹುದು. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಘಾಟಿಗಳ ಮೇಲೆ ಕೆಳಗೆ ಇರುವ ತೀರ್ಥಹಳ್ಳಿ, ಹೆಬ್ರಿ, ಮೂಡಿಗೆರೆ, ಬೆಳ್ತಂಗಡಿ, ಸಕಲೇಶಪುರ ತಾಲೂಕುಗಳಿಂದ, ಈ ಜೂನ್ ತಿಂಗಳಿನಲ್ಲೇ ಶುರು ಮಾಡಲಿ.